ಸಂತೆಯಂಥ ಒಂದು ಸಂಜೆ

ಚನ್ನಗಿರಿ ತಾಲ್ಲೂಕಿನಲ್ಲಿ ಸಂತೇಬೆನ್ನೂರು ಎಂಬ ಊರಿದೆ. ಹೆಸರಿನಲ್ಲೇ ಸಂತೆ ಇದೆ. ಸಂತೆ ಎಂದರೆ ಏನು? ಅಂಗಡಿ ಇಲ್ಲದವರೂ ವ್ಯಾಪಾರ ಮಾಡಬಹುದಾದ ಜಾಗ. ಹಿತ್ತಲಲ್ಲಿ ಬೆಳೆದ ನಾಲ್ಕು ಕಟ್ಟು ಸೊಪ್ಪು ತಂದವಳಿಗೂ ಅಲ್ಲಿ ಒಂದು ಗೋಣಿತಾಟು ಹಾಸುವಷ್ಟು ನೆಲ ಸಿಗುತ್ತದೆ. ಗಾಡಿ ತುಂಬ ಈರುಳ್ಳಿ ತಂದವನ ಪಕ್ಕದಲ್ಲೇ ಸಿಗುತ್ತದೆ. ಕೊಳ್ಳುವವರು ಇಬ್ಬರ ಮುಂದೆಯೂ ಹಾದು ಹೋಗುತ್ತಾರೆ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಇಂಥದೇ ಇನ್ನೊಂದು ಸಂತೆಯ ಬಗ್ಗೆ. ಅದು ಹಾಡಿನ, ಕುಣಿತದ, ಮಾತಿನ ಸಂತೆ. ನಮ್ಮ ಊರುಗಳಲ್ಲಿ ಅದಕ್ಕೆ ಹಳೆಯ ಹೆಸರೊಂದಿದೆ. ವಿವಿಧ ವಿನೋದಾವಳಿ. ಗಣೇಶನ ಹಬ್ಬದ ಒಂದು ರಾತ್ರಿ, ರಾಜ್ಯೋತ್ಸವದ ಒಂದು ಸಂಜೆ, ಜಾತ್ರೆಯ ಮಾರನೆಯ ದಿನ, ಊರಿನ ಹುಡುಗರೇ ನಿಂತು ನಡೆಸುವ ಕಾರ್ಯಕ್ರಮ ಅದು. ಎರಡು ಟ್ರ್ಯಾಕ್ಟರ್ ಟ್ರೈಲರ್ ಜೋಡಿಸಿ ಮೇಲೆ ಜಮಖಾನ ಹಾಸಿದರೆ ವೇದಿಕೆ ಆಯಿತು. ಹಿಂದೆ ಒಂದು ಪರದೆ, ಮುಂದೆ ಒಂದು ಮೈಕು. ಒಬ್ಬಳು ಭಾವಗೀತೆ ಹಾಡುತ್ತಾಳೆ. ಆಮೇಲೆ ಕೋಲಾಟ. ಆಮೇಲೆ ಒಬ್ಬ ಹುಡುಗ ದುರ್ಯೋಧನನ ಏಕಪಾತ್ರಾಭಿನಯ ಮಾಡುತ್ತಾನೆ. ಆಮೇಲೆ ಭಜನೆ, ಡೊಳ್ಳು, ಪ್ರಾಣಿ ಪಕ್ಷಿಗಳ ಅನುಕರಣೆ. ಯಾರಿಗೂ ಸಂಬಳ ಇಲ್ಲ. ಹಾಡುವವರಿಗೂ ಇಲ್ಲ, ಶಾಮಿಯಾನದ ಗೂಟ ಬಡಿದವರಿಗೂ ಇಲ್ಲ.

ಈ ಸಂಜೆಗಳು ಈಗ ಕಡಿಮೆಯಾಗುತ್ತಿವೆ. ಅವುಗಳ ಜಾಗಕ್ಕೆ ಬಂದಿರುವುದನ್ನು ನೀವು ಬಲ್ಲಿರಿ. ಅದರ ಹೆಸರು ರಸಮಂಜರಿ. ಪಟ್ಟಣದಿಂದ ಆರ್ಕೆಸ್ಟ್ರಾ ಬರುತ್ತದೆ. ಚಂದಾ ಎತ್ತಿದ ಹಣದಲ್ಲಿ ದೊಡ್ಡ ಪಾಲು ಅದಕ್ಕೆ ಹೋಗುತ್ತದೆ. ಊರಿನವರು ಕೆಳಗೆ ಕೂರುತ್ತಾರೆ. ಮೇಲೆ ಹತ್ತುವುದು ಹಾರ ಹಾಕಿಸಿಕೊಳ್ಳುವವರು ಮತ್ತು ಹೊರಗಿನಿಂದ ಬಂದವರು ಮಾತ್ರ. ಸಿನಿಮಾ ಹಾಡು ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆ ಗಾಯಕರ ಪರಿಶ್ರಮದ ಬಗ್ಗೆ ಗೌರವವಿದೆ. ನನ್ನ ವಾದ ಬೇರೆ. ಊರಿನ ಕಲೆ ಉಳಿಯಬೇಕಾದರೆ ಊರಿಗೆ ಒಂದು ಮಿಶ್ರ ವೇದಿಕೆ ಬೇಕು. ಅದನ್ನು ಊರಿನವರೇ ನಡೆಸಬೇಕು. ವಿನೋದಾವಳಿಯ ಬೆಲೆ ಅಲ್ಲಿ ಹಾಡಿದವರ ಕಂಠದಲ್ಲಷ್ಟೇ ಇಲ್ಲ. ಬೇರೆ ಬೇರೆ ಕೇರಿಯ ಕಲೆಗಳು ಒಂದೇ ಹಲಗೆಯ ಮೇಲೆ ಒಂದರ ಹಿಂದೆ ಒಂದು ಬರುತ್ತವಲ್ಲ, ಆ ಬೆರಕೆಯಲ್ಲಿದೆ. ಈ ಮಾತಿಗೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ. ಎದುರು ಮಾತುಗಳೂ ಇವೆ. ಅವಕ್ಕೂ ಉತ್ತರ ಕೊಡಬೇಕಾಗುತ್ತದೆ.

ಮೊದಲು ಈ ಸೀಮೆಯಲ್ಲಿ ಏನಿದೆ ಎಂದು ನೋಡೋಣ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಲ್ಕೂ ದಾವಣಗೆರೆ ಜಿಲ್ಲೆಯವೇ. ಆದರೆ ನೆಲ ಒಂದೇ ಬಗೆಯದಲ್ಲ. ಚನ್ನಗಿರಿಯ ಕಡೆ ಭದ್ರೆಯ ನಾಲೆಯ ನೀರು, ಅಡಿಕೆ ತೋಟ, ಭತ್ತದ ಗದ್ದೆ. ಹೊನ್ನಾಳಿಯ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಾಳೆ. ಜಗಳೂರು ಮಳೆಯನ್ನೇ ನೆಚ್ಚಿದ ಬಯಲು ನಾಡು. ನೆಲ ಬೇರೆಯಾದಂತೆ ಕಲೆಯೂ ಬೇರೆ. ಜಗಳೂರಿನ ಕಡೆ ಬಯಲಾಟದ ಹೆಜ್ಜೆ ಗಟ್ಟಿ. ಹೊನ್ನಾಳಿ, ಚನ್ನಗಿರಿಯ ಹಳ್ಳಿಗಳಲ್ಲಿ ಡೊಳ್ಳು, ವೀರಗಾಸೆ, ಭಜನೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ದೂರ ದೂರದ ರಾಜ್ಯಗಳಿಂದ ಬಂಜಾರರು ಬರುತ್ತಾರೆ. ಕನ್ನಡಿ ಚೂರು ಹೊಲಿದ ಲಂಗ, ಕೈತುಂಬ ಬಳೆ, ವೃತ್ತದಲ್ಲಿ ಸುತ್ತುತ್ತ ಹಾಡುವ ಹೆಂಗಸರು. ರೇಡಿಯೋದಲ್ಲಿ ಬಣ್ಣ ತೋರಿಸಲಾರೆ. ಆದರೆ ಆ ಬಳೆಗಳ ಸದ್ದು, ಗೆಜ್ಜೆಯ ಸದ್ದು ಒಮ್ಮೆ ಕೇಳಿದವರಿಗೆ ಮರೆಯುವುದಿಲ್ಲ. ಮೊಹರಂ ಬಂದಾಗ ಅಲಾವಿಯ ಸುತ್ತ ಹಾಕುವ ಹೆಜ್ಜೆ ಬೇರೆ. ಮದುವೆ ಮನೆಯ ಸೋಬಾನೆ ಬೇರೆ. ಇಷ್ಟೆಲ್ಲ ಇದೆ. ಕಷ್ಟ ಏನೆಂದರೆ, ಇದೆಲ್ಲ ಅದರದರ ಮನೆಯೊಳಗೇ ಇದೆ. ಭಜನೆ ಗುಡಿಯಲ್ಲಿ. ಬಂಜಾರರ ಕುಣಿತ ತಾಂಡಾದಲ್ಲಿ. ಸೋಬಾನೆ ಚಪ್ಪರದ ಕೆಳಗೆ. ಒಂದೇ ಊರಿನವರು ಐವತ್ತು ವರ್ಷ ಒಟ್ಟಿಗೆ ಬಾಳಿದರೂ ಪಕ್ಕದ ಕೇರಿಯ ಹಾಡು ಕೇಳದೇ ಇರಬಹುದು. ಅದನ್ನು ಕೇಳಲು ಅವರ ಮನೆಯ ಹಬ್ಬಕ್ಕೆ ಹೋಗಬೇಕು. ಕರೆಯದೆ ಯಾರು ಹೋಗುತ್ತಾರೆ?

ವಿನೋದಾವಳಿ ಈ ಗೋಡೆಯಲ್ಲಿ ಒಂದು ಬಾಗಿಲು ತೆಗೆಯುತ್ತದೆ. ತನ್ನ ಮಗಳ ಭಾವಗೀತೆ ಕೇಳಲು ಬಂದ ತಾಯಿ ಅದಕ್ಕೆ ಮೊದಲು ತಾಂಡಾದವರ ಕುಣಿತಕ್ಕೆ ಕೂರಲೇಬೇಕು. ಡೊಳ್ಳು ನೋಡಲು ಬಂದ ಯುವಕ ನಡುವೆ ತತ್ವಪದ ಕೇಳಲೇಬೇಕು. ಯಾರೂ ಬಲವಂತ ಮಾಡಿಲ್ಲ. ಸರದಿಯೇ ಹಾಗಿದೆ. ಸಂತೆಯಲ್ಲಿ ಮೆಣಸಿನಕಾಯಿಗೆ ಬಂದವರು ಬಳೆಗಾರನ ಮುಂದೆ ಹಾದುಹೋಗುವಂತೆ. ಸಂತೇಬೆನ್ನೂರನ್ನು ನೆನೆದು ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಅಲ್ಲಿಯ ಪುಷ್ಕರಣಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕನ ಹೆಸರಿನೊಡನೆ ಕೂಡಿಕೊಂಡಿದೆ. ಒಂದೊಂದು ಬದಿ ಇನ್ನೂರಕ್ಕೂ ಹೆಚ್ಚು ಅಡಿ. ನಾಲ್ಕೂ ಕಡೆ ನೀರಿನವರೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ನೀರಿನ ನಡುವೆ ಅಂತಸ್ತು ಅಂತಸ್ತಾಗಿ ಏರಿದ ವಸಂತ ಮಂಟಪ. ಅದರ ಕಮಾನುಗಳಲ್ಲಿ ಇಸ್ಲಾಮಿ ಶೈಲಿಯ ಬಾಗು. ದಡದಲ್ಲೇ ಮುಸಾಫಿರ್ ಖಾನೆ, ಅಂದರೆ ದಾರಿಹೋಕರ ತಂಗುದಾಣ. ಈ ಕಟ್ಟಡಗಳ ಹಿಂದೆ ಯುದ್ಧದ ಕಥೆಯೂ ಇದೆ. ಅದನ್ನು ಮುಚ್ಚಬೇಕಿಲ್ಲ. ಆದರೆ ಎರಡು ಪರಂಪರೆಗಳ ಕೈಕೆಲಸ ಅಲ್ಲಿ ಒಂದೇ ನೀರಿನಲ್ಲಿ ನೆರಳು ಬೀಳಿಸುತ್ತಿದೆ. ಅದು ಸಂರಕ್ಷಿತ ಸ್ಮಾರಕ. ಅಲ್ಲಿ ವೇದಿಕೆ ಕಟ್ಟಿ, ಮೈಕು ಹಾಕಿ ಎಂದು ನಾನು ಹೇಳುತ್ತಿಲ್ಲ. ಬೆರಕೆ ಈ ಊರಿಗೆ ಹೊಸದಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಈ ಸೀಮೆಯಲ್ಲಿ ಕಲೆ ಧಾರಾಳವಾಗಿದೆ, ಆದರೆ ಕೇರಿ ಕೇರಿಗಳಲ್ಲಿ ಹಂಚಿಹೋಗಿದೆ. ವಿನೋದಾವಳಿ ಅದನ್ನು ಒಂದೆಡೆ ಕೂಡಿಸುತ್ತದೆ. ಈಗ ಮುಂದಿನ ಮಾತು. ಕೂಡಿಸುವ ಕೆಲಸ ಈಗಲೇ ಯಾಕೆ ತುರ್ತು? ಯಾಕೆಂದರೆ ಹಳೆಯ ಹಾಡುಗಳಿಗಿದ್ದ ಸಂದರ್ಭಗಳೇ ಒಂದೊಂದಾಗಿ ಹೋಗುತ್ತಿವೆ. ಬೀಸುವ ಪದಕ್ಕೆ ಬೀಸುಕಲ್ಲು ಬೇಕಿತ್ತು. ಹಿಟ್ಟಿನ ಗಿರಣಿ ಬಂತು. ಹೆಂಗಸರ ತೋಳಿಗೆ ವಿಶ್ರಾಂತಿ ಸಿಕ್ಕಿತು. ಅದು ಒಳ್ಳೆಯದೇ. ಆದರೆ ಕಲ್ಲಿನ ಜೊತೆಗೆ ಹಾಡೂ ಮೂಲೆ ಸೇರಿತು. ಹಂತಿಯ ಪದಕ್ಕೆ ಕಣ ಬೇಕಿತ್ತು. ಎತ್ತುಗಳು ಮೇಟಿಯ ಸುತ್ತ ತಿರುಗುತ್ತಿದ್ದಾಗ ರಾತ್ರಿ ಎಚ್ಚರವಿರಲು ಹಾಡುತ್ತಿದ್ದರು. ಈಗ ಯಂತ್ರ ಹೊಲಕ್ಕೇ ಬಂದು ಕೊಯ್ದು, ಒಕ್ಕಿ, ಕಾಳು ಚೀಲಕ್ಕೆ ತುಂಬಿಸುತ್ತದೆ. ಕಣವೇ ಇಲ್ಲದ ಮೇಲೆ ಕಣದ ಹಾಡು ಎಲ್ಲಿ? ನಾಟಿ ಮಾಡುವಾಗಿನ ಹಾಡಿಗೂ ಅದೇ ಗತಿ. ಈ ಬದಲಾವಣೆಯನ್ನು ತಡೆಯಲು ಆಗದು, ತಡೆಯಬೇಕಾಗಿಯೂ ಇಲ್ಲ. ಕೆಲಸದ ಭಾರ ಇಳಿದದ್ದಕ್ಕೆ ಯಾರೂ ಅಳಬಾರದು. ಆದರೆ ಕೆಲಸದಿಂದ ಬಿಡುಗಡೆಯಾದ ಹಾಡಿಗೆ ಬೇರೆ ನೆಲೆ ಹುಡುಕಬೇಕು. ಇಂಥ ನಷ್ಟವನ್ನು ಬಹಳ ಹಿಂದೆಯೇ ಮುಂಗಂಡವರಿದ್ದಾರೆ. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಕೆಲವು ಗೆಳೆಯರು ಸೇರಿ ಹೆಂಗಸರ ಬಾಯಿಂದ ಹಾಡು ಬರೆದುಕೊಂಡರು. ‘ಗರತಿಯ ಹಾಡು’ ಪುಸ್ತಕವಾಯಿತು. ಅವರಿಗೆ ಯಾವ ಇಲಾಖೆಯೂ ಆ ಕೆಲಸ ಒಪ್ಪಿಸಿರಲಿಲ್ಲ. ಪುಸ್ತಕ ಮಾತನ್ನು ಉಳಿಸಿತು. ಧಾಟಿ ಉಳಿಯಬೇಕಾದರೆ ಬಾಯಿಯೇ ಬೇಕು, ಕೇಳುವ ಕಿವಿಯೂ ಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ವೇದಿಕೆಗೆ ಬಂದ ಬೀಸುವ ಪದ ಬೀಸುವ ಪದವೇ ಅಲ್ಲ, ಅದು ಪ್ರದರ್ಶನ ಎಂದು ವಿದ್ವಾಂಸರು ಹೇಳುತ್ತಾರೆ. ಮಾತು ಸರಿ. ಕಲ್ಲಿನ ಗರಗರ ಸದ್ದು ಇಲ್ಲ, ಬೆಳಗಿನ ಜಾವದ ನಿದ್ದೆಗಣ್ಣು ಇಲ್ಲ. ಹಾಡು ಬದಲಾಗಿದೆ. ಆದರೆ ನಮ್ಮ ಮುಂದಿರುವ ಆಯ್ಕೆ ಮೂಲ ಹಾಡು ಮತ್ತು ವೇದಿಕೆಯ ಹಾಡು ಇವೆರಡರ ನಡುವೆ ಇಲ್ಲ. ವೇದಿಕೆಯ ಹಾಡು ಮತ್ತು ಮೌನ ಇವೆರಡರ ನಡುವೆ ಇದೆ. ಎಪ್ಪತ್ತು ದಾಟಿದ ಅಜ್ಜಿ ಒಮ್ಮೆ ಮೈಕಿನ ಮುಂದೆ ಹಾಡಿದರೆ ಮೊಮ್ಮಗಳಿಗೆ ಒಂದು ಸಂಗತಿ ತಿಳಿಯುತ್ತದೆ. ನಮ್ಮ ಅಜ್ಜಿಗೆ ಇಷ್ಟು ಪದ ಗೊತ್ತಿತ್ತೆ ಎಂಬ ಸಂಗತಿ. ಆ ಅಚ್ಚರಿಯಿಂದಲೇ ಕಲಿಕೆ ಶುರುವಾಗುತ್ತದೆ.

ಅಜ್ಜಿಯ ಮಾತು ಬಂತು, ಅಂದರೆ ಹೆಂಗಸರ ಮಾತು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನಮ್ಮ ಹಳ್ಳಿಗಳಲ್ಲಿ ನಾಟಕದ ಪರಂಪರೆ ದೊಡ್ಡದು. ಊರ ದೇವರ ಕೃಪಾಪೋಷಿತ ನಾಟಕ ಮಂಡಳಿ ಎಂದು ಕರಪತ್ರ ಅಚ್ಚಾಗುತ್ತದೆ. ಪಾತ್ರಧಾರಿಗಳೆಲ್ಲರ ಹೆಸರು ಅದರಲ್ಲಿ ಇರುತ್ತದೆ. ಹಾರ್ಮೋನಿಯಂ ಮಾಸ್ತರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಆದರೆ ಹೆಣ್ಣು ಪಾತ್ರಕ್ಕೆ? ಹೆಚ್ಚಿನ ಊರುಗಳಲ್ಲಿ ಅದಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಊರಿನ ಹೆಂಗಸು ಬಣ್ಣ ಹಚ್ಚುವುದನ್ನು ಊರು ಒಪ್ಪುವುದಿಲ್ಲ. ಹೀಗಾಗಿ ಊರಿನ ಅರ್ಧ ಜನ ಊರಿನ ನಾಟಕದ ಹೊರಗೇ ಉಳಿದರು. ವಿನೋದಾವಳಿಯಲ್ಲಿ ಈ ಅಡ್ಡಿ ಬಹಳ ತೆಳ್ಳಗೆ. ಕೋಲಾಟಕ್ಕೆ ಗಂಡಸಿನ ಎದುರಿಗೆ ಪ್ರೇಮದ ಮಾತಾಡಬೇಕಿಲ್ಲ. ಭಜನೆಗೆ ವೇಷ ಬೇಡ. ಹತ್ತು ಜನ ಒಟ್ಟಿಗೆ ನಿಂತು ಸೋಬಾನೆ ಹಾಡಿದರೆ ಒಬ್ಬೊಬ್ಬರ ಸಂಕೋಚವನ್ನು ಉಳಿದ ಒಂಬತ್ತು ಜನ ಹಂಚಿಕೊಳ್ಳುತ್ತಾರೆ. 2000ದ ಸುಮಾರಿಗೆ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದವು. ವಾರಕ್ಕೊಮ್ಮೆ ಕೂಡುವ ಅಭ್ಯಾಸ, ಹೊರಗೆ ನಾಲ್ಕು ಜನರ ಮುಂದೆ ಮಾತಾಡುವ ಅಭ್ಯಾಸ ಆಗಲೇ ಆಗಿದೆ. ಲೆಕ್ಕದ ಪುಸ್ತಕ ಹಿಡಿದ ಗುಂಪು ಕೋಲನ್ನೂ ಹಿಡಿಯಬಲ್ಲದು. ಹೆಂಗಸರು ವೇದಿಕೆ ಹತ್ತಿದ ಊರಿನಲ್ಲಿ ಹೆಣ್ಣುಮಕ್ಕಳಿಗೆ ಹಾಡುವುದು, ಕುಣಿಯುವುದು ಹತ್ತನೇ ತರಗತಿಗೇ ನಿಲ್ಲಬೇಕಾಗಿಲ್ಲ.

ಹತ್ತನೇ ತರಗತಿ ಎಂದೆ. ಅದೂ ಯೋಚಿಸಬೇಕಾದ ವಿಷಯವೇ. ಶಾಲೆಯಲ್ಲಿ ಮಕ್ಕಳಿಗೆ ಪ್ರತಿಭಾ ಕಾರಂಜಿ ಇದೆ. ವಾರ್ಷಿಕೋತ್ಸವ ಇದೆ. ಅಲ್ಲಿ ಮೇಷ್ಟರು ಇದ್ದಾರೆ, ತಾಲೀಮು ಇದೆ. ಆದರೆ ಪ್ರತಿಭಾ ಕಾರಂಜಿ ಒಂದು ಸ್ಪರ್ಧೆ. ಮೊದಲು ಬಂದ ಮಗು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುತ್ತದೆ. ಉಳಿದವರು ಮನೆಗೆ. ಶಾಲೆ ಮುಗಿದ ಮೇಲೆ ಗೆದ್ದವರಿಗೂ ವೇದಿಕೆ ಇಲ್ಲ, ಸೋತವರಿಗೂ ಇಲ್ಲ. ಇಪ್ಪತ್ತನೇ ವಯಸ್ಸಿನಿಂದ ಅರವತ್ತನೇ ವಯಸ್ಸಿನವರೆಗೆ ಮನುಷ್ಯ ಬರೀ ಪ್ರೇಕ್ಷಕನಾಗಿ ಇರಬೇಕೆ? ಗೊಬ್ಬರದ ಅಂಗಡಿಯಲ್ಲಿ ಕೂತವನಿಗೆ ಕೊಳಲು ಬರುತ್ತದೆ. ಅಡಿಕೆ ಸುಲಿಯುವ ಹೆಣ್ಣುಮಗಳಿಗೆ ನೂರು ಪದ ಬರುತ್ತದೆ. ಅವರು ವರ್ಷಕ್ಕೆ ಏಳು ನಿಮಿಷದ ವೇದಿಕೆ ಕೇಳುತ್ತಿದ್ದಾರೆ, ಅಷ್ಟೆ. ಲೆಕ್ಕ ಹಾಕಿ. ಮೂರು ಗಂಟೆಯ ಕಾರ್ಯಕ್ರಮ ಎಂದರೆ 180 ನಿಮಿಷ. ಒಂದೊಂದಕ್ಕೆ ಏಳು ನಿಮಿಷ ಇಟ್ಟರೆ ಸುಮಾರು 25 ಅಂಶ. ಒಂದೊಂದರಲ್ಲಿ ಸರಾಸರಿ ಐದು ಜನ ಎಂದುಕೊಂಡರೆ ನೂರಕ್ಕೂ ಹೆಚ್ಚು ಜನ ಒಂದೇ ರಾತ್ರಿ ವೇದಿಕೆ ಹತ್ತುತ್ತಾರೆ. ಅವರ ಮನೆಯವರು, ನೆಂಟರು ಎಂದರೆ ನಾನೂರು, ಐನೂರು ಜನ ಕೇಳುಗರು ತಾವಾಗಿಯೇ ಬಂದು ಕೂರುತ್ತಾರೆ. ಆರ್ಕೆಸ್ಟ್ರಾ ಬಂದರೆ ವೇದಿಕೆಯ ಮೇಲೆ ಹದಿನೈದು ಜನ. ಅವರಲ್ಲಿ ಊರಿನವರು ಒಬ್ಬರೂ ಇಲ್ಲ.

ಇನ್ನೂ ಒಂದು ಅನುಕೂಲ ಕಾನೂನಿನಿಂದಲೇ ಬಂದಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಹಬ್ಬಕ್ಕಾಗಿ ನಡುರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಬೆಳಗಿನವರೆಗೆ ನಡೆಯುವ ನಾಟಕಕ್ಕೆ, ಬಯಲಾಟಕ್ಕೆ ಇದು ದೊಡ್ಡ ಪೆಟ್ಟು. ಅದರ ನೋವು ನನಗೂ ಇದೆ. ವಿನೋದಾವಳಿಗೆ ಈ ತೊಂದರೆ ಇಲ್ಲ. ಆರೂವರೆಗೆ ಶುರುವಾದರೆ ಒಂಬತ್ತೂವರೆಗೆ ಮುಗಿಯುತ್ತದೆ. ಇಡೀ ಆಟ ಆಡಲಾಗದ ಬಯಲಾಟದ ಮೇಳ ಕೂಡ ಒಂದು ಪ್ರವೇಶದ ಕುಣಿತವನ್ನು ಅಲ್ಲಿ ತೋರಿಸಬಹುದು. ಅದನ್ನು ನೋಡಿದ ಹುಡುಗ ಭಾಗವತರ ಮನೆ ಎಲ್ಲಿದೆ ಎಂದು ಕೇಳಬಹುದು.

ಇಷ್ಟು ನನ್ನ ಪಕ್ಷದ ಮಾತು. ಹಾಡುಗಳ ಹಳೆಯ ನೆಲೆ ಹೋಗುತ್ತಿದೆ. ಹೆಂಗಸರಿಗೆ, ಶಾಲೆ ಬಿಟ್ಟವರಿಗೆ ಬೇರೆ ವೇದಿಕೆ ಇಲ್ಲ. ಹೊತ್ತಿನ ಕಟ್ಟಳೆಗೂ ವಿನೋದಾವಳಿಯೇ ಹೊಂದುತ್ತದೆ. ಈಗ ಎದುರು ಪಕ್ಷ. ಎಲ್ಲಕ್ಕಿಂತ ಬಲವಾದ ಆಕ್ಷೇಪ ಗುಣಮಟ್ಟದ್ದು. ಜನ ಈಗ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ದೇಶದ ಅತ್ಯುತ್ತಮ ಗಾಯಕರನ್ನು ಕೇಳುತ್ತಾರೆ. ಅವರ ಮುಂದೆ ಶ್ರುತಿ ತಪ್ಪುವ ಹುಡುಗಿ, ಹೆಜ್ಜೆ ಮರೆಯುವ ಹುಡುಗ ಯಾಕೆ? ಮೊದಲು ಕಲಿಯಲಿ, ಆಮೇಲೆ ಹತ್ತಲಿ ಎನ್ನುತ್ತಾರೆ. ಕೇಳಲು ನ್ಯಾಯವಾಗಿದೆ. ಆದರೆ ಕನ್ನಡ ನಾಡಿನ ಅನುಭವ ಬೇರೆ ಹೇಳುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡು ಚನ್ನಗಿರಿಯಂತೆಯೇ ಅಡಿಕೆಯ ಊರು. 1949ರಲ್ಲಿ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದೇ ನೀನಾಸಂ. ಊರಿನ ಹವ್ಯಾಸಿಗಳ ಗುಂಪು ಅದು. ಕೆ. ವಿ. ಸುಬ್ಬಣ್ಣನವರು ಅದರ ಜೀವ. ರಂಗಶಿಕ್ಷಣ ಕೇಂದ್ರ ಬಂದದ್ದು 1980ರಲ್ಲಿ. ಊರೂರು ಸುತ್ತುವ ತಿರುಗಾಟ ಶುರುವಾದದ್ದು 1985ರಲ್ಲಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ. ಇಸವಿಗಳನ್ನು ಮತ್ತೊಮ್ಮೆ ಗಮನಿಸಿ. ಸಂಘಕ್ಕೂ ಶಾಲೆಗೂ ನಡುವೆ ಮೂವತ್ತೊಂದು ವರ್ಷ. ಮೊದಲು ಆಡಿದರು, ಆಡುತ್ತ ಆಡುತ್ತ ಕಲಿಯುವ ಹಸಿವು ಹುಟ್ಟಿತು, ಆಮೇಲೆ ಶಾಲೆ ಬಂತು. ರಂಗ ನಿರ್ದೇಶಕ ಬಿ. ವಿ. ಕಾರಂತರೂ ಮೊದಲು ಬಣ್ಣ ಹಚ್ಚಿದ್ದು ಶಾಲೆಯ ಹುಡುಗನಾಗಿ, ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ. ಗುಬ್ಬಿ ಕಂಪನಿ ಸೇರಿದ್ದು ಆಮೇಲೆ. ದೊಡ್ಡ ಮರಗಳಿಗೂ ಒಂದು ಸಸಿಮಡಿ ಇತ್ತು.

ಈ ಮಾತಿಗೆ ರೇಡಿಯೋ ಕೂಡ ಸಾಕ್ಷಿ. ನೀವು ಈಗ ಕೇಳುತ್ತಿರುವ ಈ ಮಾಧ್ಯಮ ನಮ್ಮ ನಾಡಿಗೆ ಬಂದ ಬಗೆಯನ್ನು ನೆನೆಯಿರಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಯಂತ್ರ ಇಟ್ಟರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಊರಿನ ಕವಿಗಳು, ಸಂಗೀತಗಾರರು ಬಂದು ಮಾತಾಡಿದರು, ಹಾಡಿದರು. ಸರ್ಕಾರ ವಹಿಸಿಕೊಂಡದ್ದು ಆಮೇಲಿನ ಮಾತು. ಒಬ್ಬರ ಮನೆಯ ಉತ್ಸಾಹದಿಂದ ಹೊರಟ ಆ ಹೆಸರು ಇಂದು ಇಡೀ ದೇಶದ್ದಾಗಿದೆ. 1965ರಲ್ಲಿ ಭದ್ರಾವತಿಯಲ್ಲಿ ನಿಲಯ ಬಂದ ಮೇಲೆ ನಮ್ಮ ಈ ಸೀಮೆಯ ದನಿಗಳಿಗೂ ಗಾಳಿಯಲ್ಲಿ ಜಾಗ ಸಿಕ್ಕಿತು. ಭಜನೆ ಮಂಡಳಿಯವರು, ಸೋಬಾನೆ ಹಾಡುವವರು ಧ್ವನಿಪರೀಕ್ಷೆಗೆ ಹೋಗುವ ಮೊದಲು ಎಲ್ಲೋ ಒಂದು ಕಡೆ ಹತ್ತು ಜನರ ಮುಂದೆ ಹಾಡಿ ಧೈರ್ಯ ತಂದುಕೊಂಡಿರಬೇಕಲ್ಲವೆ? ಆ ಎಲ್ಲೋ ಒಂದು ಕಡೆಯೇ ಊರಿನ ವೇದಿಕೆ.

ಎರಡನೆಯ ಆಕ್ಷೇಪ ವೃತ್ತಿ ಕಲಾವಿದರ ಕಡೆಯಿಂದ ಬರುತ್ತದೆ. ಊರಿನವರೇ ಪುಕ್ಕಟೆ ಹಾಡಿದರೆ ಕಲೆಯನ್ನೇ ನಂಬಿದವರ ಹೊಟ್ಟೆಗೆ ಏನು? ಈ ಮಾತನ್ನು ಹಗುರವಾಗಿ ತಳ್ಳಬಾರದು. ದಾವಣಗೆರೆ ಸೀಮೆ ವೃತ್ತಿ ರಂಗಭೂಮಿಯ ತವರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಂದ ನಾಡೆಲ್ಲ ಸುತ್ತಿತು. ಚಿಂದೋಡಿ ಲೀಲಾ ಅವರಿಗೆ ಪದ್ಮಶ್ರೀ ಬಂತು. ಅಂಥವರ ದುಡಿಮೆಗೆ ಕೂಲಿ ಸಿಗಲೇಬೇಕು. ಆದರೆ ಕಂಪನಿ ನಾಟಕದ ಡೇರೆ ತುಂಬಿಸಿದವರು ಯಾರು? ತಮ್ಮ ಊರಿನಲ್ಲಿ ಒಮ್ಮೆಯಾದರೂ ಕಂದ ಹಾಡಿದವರು, ತಾಲೀಮಿನಲ್ಲಿ ಕೂತವರು. ಕಲೆಯ ಕಷ್ಟ ಗೊತ್ತಿದ್ದವರೇ ಕಲೆಗೆ ದುಡ್ಡು ಕೊಡುತ್ತಾರೆ. ಹಾಗಾಗಿ ನಾನು ಕೇಳುತ್ತಿರುವುದು ಎಲ್ಲ ರಾತ್ರಿಗಳನ್ನಲ್ಲ. ಹಬ್ಬದ ಐದು ರಾತ್ರಿಗಳಲ್ಲಿ ಒಂದನ್ನು. ಇನ್ನೊಂದು ಮಾತು. ಹಾಡುವ ಊರಿನವರು ಸಂಭಾವನೆ ಬಿಟ್ಟುಕೊಟ್ಟಾರು. ಹಾರ್ಮೋನಿಯಂ ಮಾಸ್ತರಿಗೆ, ತಬಲದವರಿಗೆ, ಮೈಕ್‌ಸೆಟ್ಟಿನವರಿಗೆ ಕೊಡಬೇಕಾದ್ದನ್ನು ಪೂರ್ತಿ ಕೊಡಬೇಕು. ಸೇವೆ ಎಂಬ ಹೆಸರಿನಲ್ಲಿ ಬಡವನ ಕೂಲಿ ಮುರಿಯುವುದು ಸೇವೆಯಲ್ಲ.

ಮೂರನೆಯದು ಜಗಳದ ಭಯ. ಯಾರದು ಮೊದಲು, ಯಾರದು ಕೊನೆ? ಯಾವ ಕೇರಿಯವರಿಗೆ ಎಷ್ಟು? ಪಕ್ಷ, ಜಾತಿ, ಹಳೆಯ ಹಗೆ ಎಲ್ಲ ವೇದಿಕೆಗೆ ಬರುತ್ತದೆ ಎನ್ನುತ್ತಾರೆ. ಅದಕ್ಕಿಂತ ದುಡ್ಡು ಕೊಟ್ಟು ಹೊರಗಿನವರನ್ನು ಕರೆಸುವುದೇ ನೆಮ್ಮದಿ ಎನ್ನುತ್ತಾರೆ. ಜಗಳ ಬರುವುದು ನಿಜ. ಆದರೆ ಸರದಿ ಹಂಚಿಕೊಳ್ಳಲು ಕಲಿಯದ ಊರು ಬೇರೆ ಏನನ್ನು ಹಂಚಿಕೊಂಡೀತು? ನಾಲೆಯ ನೀರಿಗೂ ಸರದಿಯೇ. ನ್ಯಾಯಬೆಲೆ ಅಂಗಡಿಯಲ್ಲೂ ಸರದಿಯೇ. ಅಂಶಗಳ ಹೆಸರು ಬರೆದು ಚೀಟಿ ಎತ್ತಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಏಳು ನಿಮಿಷ ಆದೊಡನೆ ಗಂಟೆ ಬಾರಿಸಬೇಕು. ಸಾಹುಕಾರರ ಮಗನಿಗೂ ಅದೇ ಗಂಟೆ, ಕೂಲಿಯವರ ಮಗನಿಗೂ ಅದೇ ಗಂಟೆ. ಜಮಾ ಖರ್ಚಿನ ಪಟ್ಟಿಯನ್ನು ಮಾರನೆಯ ದಿನ ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಇವು ಸಣ್ಣ ಕ್ರಮಗಳು. ಆದರೆ ನಂಬಿಕೆ ನಿಲ್ಲುವುದು ಇವುಗಳ ಮೇಲೆಯೇ. ನನ್ನ ಅಭಿಪ್ರಾಯದಲ್ಲಿ ವಿನೋದಾವಳಿಯನ್ನು ಕೆಡಿಸುವುದು ಜಗಳಕ್ಕಿಂತ ಭಾಷಣ. ಗಣ್ಯರು ಹತ್ತು ಜನ, ಒಬ್ಬೊಬ್ಬರಿಗೆ ಹಾರ, ಶಾಲು, ಹತ್ತು ನಿಮಿಷದ ಮಾತು. ಅಷ್ಟರಲ್ಲಿ ಎಂಟೂವರೆ. ಬಣ್ಣ ಹಚ್ಚಿಕೊಂಡು ಆರು ಗಂಟೆಯಿಂದ ಕಾದ ಮಗು ಪರದೆಯ ಹಿಂದೆ ನಿದ್ದೆ ಹೋಗಿರುತ್ತದೆ. ಇದು ಅನ್ಯಾಯ. ಭಾಷಣಕ್ಕೆ ಎಲ್ಲ ಸೇರಿ ಹದಿನೈದು ನಿಮಿಷ ಸಾಕು.

ಕೊನೆಗೆ ಒಂದು ನಿಜವಾದ ಕಷ್ಟ. ಸ್ವಯಂಸೇವಕರು ದಣಿಯುತ್ತಾರೆ. ಪ್ರತಿ ವರ್ಷ ಅದೇ ನಾಲ್ಕು ಜನ ಓಡಾಡುತ್ತಾರೆ. ಐದನೆಯ ವರ್ಷ ಅವರಿಗೆ ಮದುವೆ, ಮಕ್ಕಳು, ದೂರದ ಕೆಲಸ. ಕಾರ್ಯಕ್ರಮ ನಿಲ್ಲುತ್ತದೆ. ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. ತರಳಬಾಳು ಹುಣ್ಣಿಮೆ ಎಂಬ ಉತ್ಸವ 1950ರಲ್ಲಿ ಮೊದಲು ನಡೆದದ್ದು ಜಗಳೂರಿನಲ್ಲಿ. ಅದು ಒಂದೇ ಊರಿನಲ್ಲಿ ನಿಲ್ಲಲಿಲ್ಲ. ವರ್ಷಕ್ಕೊಂದು ಊರಿಗೆ ಹೋಗುತ್ತದೆ. ಒಂಬತ್ತು ದಿನದ ಆ ಮಹೋತ್ಸವದ ಹೊಣೆಯನ್ನು ಆಯಾ ಊರು ಹೆಗಲಿಗೆ ಹಾಕಿಕೊಳ್ಳುತ್ತದೆ. ಅದರ ಹಿಂದೆ ತರಳಬಾಳು ಮಠದ ಬಲ ಇದೆ, ನಿಜ. ಆದರೆ ಸರದಿಯ ಉಪಾಯ ಎಲ್ಲರಿಗೂ ಸಲ್ಲುವಂಥದು. ದೂರದ ಉದಾಹರಣೆಯೂ ಒಂದಿದೆ. ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಪುಟ್ಟ ನಾಡಿದೆ. ಸುಮಾರು 30 ಲಕ್ಷ ಜನ. ಪಕ್ಕದಲ್ಲೇ ಇಂಗ್ಲಿಷಿನ ಮಹಾಪೂರ. ಅಲ್ಲಿ ಐಸ್ಟೆದ್‌ವೊದ್ ಎಂಬ ಹಾಡು ಕವಿತೆಗಳ ಕೂಟ ನಡೆಯುತ್ತದೆ. ರಾಷ್ಟ್ರೀಯ ಕೂಟ ಪ್ರತಿ ವರ್ಷ ಜಾಗ ಬದಲಿಸುತ್ತದೆ. ಅದಕ್ಕೆ ಹಾಡುಗಾರರನ್ನು ಬೆಳೆಸಿಕೊಡುವುದು ಹಳ್ಳಿ ಹಳ್ಳಿಯಲ್ಲಿ ಸ್ವಯಂಸೇವಕರು ನಡೆಸುವ ಸಣ್ಣ ಕೂಟಗಳು. ವೆಲ್ಷ್ ಭಾಷೆ ಇನ್ನೂ ಉಸಿರಾಡುತ್ತಿರುವುದಕ್ಕೆ ಅವೂ ಒಂದು ಕಾರಣ. ಸಂತೇಬೆನ್ನೂರು, ಚನ್ನಗಿರಿ, ನ್ಯಾಮತಿ, ಹೊನ್ನಾಳಿ, ಜಗಳೂರು ಹೀಗೆ ಸರದಿ ಹಾಕಿಕೊಂಡರೆ ಒಂದು ಊರಿಗೆ ಐದು ವರ್ಷಕ್ಕೊಮ್ಮೆ ದೊಡ್ಡ ಹೊಣೆ ಬರುತ್ತದೆ. ಉಳಿದ ನಾಲ್ಕು ವರ್ಷ ತಮ್ಮ ಒಂದೆರಡು ತಂಡ ಕಳಿಸಿದರೆ ಸಾಕು. ಊರೊಳಗೂ ಹಾಗೆಯೇ. ಒಂದು ವರ್ಷ ಯುವಕ ಸಂಘ, ಒಂದು ವರ್ಷ ಮಹಿಳಾ ಸಂಘ, ಒಂದು ವರ್ಷ ಹಳೆಯ ವಿದ್ಯಾರ್ಥಿಗಳು ನೊಗ ಹಿಡಿಯಲಿ. ಹಿಂದಿನ ವರ್ಷದವರು ಜೊತೆಗಿದ್ದು ದಾರಿ ಹೇಳಲಿ.

ನಾನು ಕೇಳುತ್ತಿರುವುದು ಹೊಸದೇನಲ್ಲ. ಸಾರ್ವಜನಿಕ ಗಣೇಶೋತ್ಸವಕ್ಕೆ 1893ರಲ್ಲಿ ಬಾಲಗಂಗಾಧರ ತಿಲಕರು ರೂಪ ಕೊಟ್ಟಾಗ ಮನೆಯೊಳಗಿನ ದೇವರನ್ನು ಬೀದಿಗೆ ತಂದದ್ದು ಜನ ಒಟ್ಟಿಗೆ ಕೂಡಲಿ ಎಂದು. ಹಾಡು, ನಾಟಕ, ಭಾಷಣ ಎಲ್ಲವೂ ಆ ಚಪ್ಪರದ ಕೆಳಗೆ ಊರಿನವರಿಂದಲೇ ನಡೆದವು. ನಮ್ಮ ಚಪ್ಪರಗಳು ಅದೇ ಪರಂಪರೆಯವು. ಸಮಿತಿಗಳ ಗೆಳೆಯರೇ, ಸಂಘಗಳ ಅಕ್ಕತಂಗಿಯರೇ, ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಹಬ್ಬಕ್ಕೆ ಚಂದಾ ಪುಸ್ತಕ ಹಿಡಿದು ಮನೆ ಮನೆಗೆ ಹೋಗುತ್ತೀರಿ. ಅದರ ಜೊತೆಗೆ ಇನ್ನೊಂದು ಖಾಲಿ ಪುಸ್ತಕ ಒಯ್ಯಿರಿ. ತಾಂಡಾಕ್ಕೂ ಒಯ್ಯಿರಿ, ಎಲ್ಲ ಕೇರಿಗಳಿಗೂ ಒಯ್ಯಿರಿ. ಹಣ ಎಷ್ಟು ಬರೆಯಲಿ ಎಂದು ಕೇಳಿದ ಮೇಲೆ, ನಿಮ್ಮ ಮನೆಯಲ್ಲಿ ಹಾಡುವವರು ಯಾರು ಎಂದೂ ಕೇಳಿರಿ. ಅವರ ಹೆಸರು ಬರೆದುಕೊಂಡು ಬನ್ನಿ.